ಕೆರೆ ತುಂಬಿದೆ, ಆದರೂ ಏನೋ ಸರಿಯಿಲ್ಲ: ಕೋಲಾರದ ಕೆರೆಗಳಿಗೊಂದು ದೋಷ ನಿವಾರಣೆ ಕೈಪಿಡಿ

ಕೆರೆಯಲ್ಲಿ ಏನೋ ಎಡವಟ್ಟಾಗಿದೆ ಎಂಬ ಸುದ್ದಿ ಸಾಮಾನ್ಯವಾಗಿ ಬೆಳಿಗ್ಗೆ ಹತ್ತು ಗಂಟೆಗೆ ಬರುತ್ತದೆ. ಅಷ್ಟು ಹೊತ್ತಿಗೆ ಏರಿಯ ಮೇಲೆ ಐವತ್ತು ಜನ ನಿಂತಿರುತ್ತಾರೆ, ಹತ್ತು ಮೊಬೈಲ್‌ಗಳು ವಿಡಿಯೊ ತೆಗೆಯುತ್ತಿರುತ್ತವೆ, "ಯಾರೋ ವಿಷ ಹಾಕಿದ್ದಾರೆ" ಎಂಬ ತೀರ್ಪು ಹೊರಬಿದ್ದಾಗಿರುತ್ತದೆ. ಕಾರಣ ಹೇಳಬಲ್ಲ ಸಾಕ್ಷಿಗಳು ಮಾತ್ರ ಅದಕ್ಕೂ ನಾಲ್ಕು ಗಂಟೆ ಮೊದಲೇ ಮಾಯವಾಗಿರುತ್ತವೆ.

ನಮ್ಮ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲ. ಪಾಲಾರ್ ಇದೆ, ದಕ್ಷಿಣ ಪಿನಾಕಿನಿ ಇದೆ. ನಕಾಶೆಯಲ್ಲಿ ನೀಲಿ ಗೆರೆ, ನೆಲದ ಮೇಲೆ ಹೆಚ್ಚಿನ ತಿಂಗಳು ಮರಳಿನ ಗೆರೆ. ಮೀನು, ಕಪ್ಪೆ, ಆಮೆ, ನೀರಹಕ್ಕಿ ಎಲ್ಲಕ್ಕೂ ಕೆರೆಯೇ ಹೊಳೆ, ಕೆರೆಯೇ ಸರೋವರ. ಅದರಲ್ಲೂ ಇಲ್ಲಿನ ಕೆರೆಗಳು ಒಂಟಿಯಾಗಿಲ್ಲ. ಮೇಲಿನ ಕೆರೆಯ ಕೋಡಿ ಹರಿದದ್ದು ಕೆಳಗಿನ ಕೆರೆಯ ಕಾಲುವೆಗೆ ಬೀಳುತ್ತದೆ, ಅದರ ಕೋಡಿ ಮತ್ತೊಂದಕ್ಕೆ. ನಿಮ್ಮ ಕೆರೆಯ ಕಾಯಿಲೆ ಮೂರು ಊರಿನ ಆಚೆ ಹುಟ್ಟಿರಬಹುದು ಎಂಬುದನ್ನು ಮೊದಲೇ ತಲೆಯಲ್ಲಿ ಇಟ್ಟುಕೊಳ್ಳಿ.

ಈ ಕೈಪಿಡಿಯಲ್ಲಿ ನಾನು ಹೇಳುವುದೆಲ್ಲ ಒಂದೇ ಮಾತಿನ ಸುತ್ತ ಇದೆ: ಕೆರೆಯ ನಡುವನ್ನು ನೋಡಬೇಡಿ, ಅಂಚನ್ನು ನೋಡಿ. ನಡುವಿನಲ್ಲಿ ನೀರು ಫಳಫಳ ಹೊಳೆಯುತ್ತದೆ, ಎಲ್ಲ ಚೆನ್ನಾಗಿದೆ ಅನ್ನಿಸುತ್ತದೆ. ದೋಷ ಕಾಣಿಸುವುದು ನೀರು ನೆಲವನ್ನು ಮುಟ್ಟುವ ಜಾಗದಲ್ಲಿ.

ಹೊತ್ತು ಮತ್ತು ಚೀಲ

ಬೆಳಿಗ್ಗೆ ಐದೂವರೆಗೆ ಅಂಚಿನಲ್ಲಿ ನಿಂತಿರಬೇಕು. ಇದರಲ್ಲಿ ಚೌಕಾಸಿಯಿಲ್ಲ. ಹಗಲಲ್ಲಿ ಪಾಚಿ, ನೀರಗಿಡಗಳು ಬಿಸಿಲಿನಲ್ಲಿ ಆಮ್ಲಜನಕ ಬಿಡುತ್ತವೆ; ರಾತ್ರಿ ಅವೂ ಮೀನಿನ ಹಾಗೆಯೇ ಉಸಿರಾಡಿ ಅದನ್ನು ಖರ್ಚು ಮಾಡುತ್ತವೆ. ಆದ್ದರಿಂದ ನೀರಿನಲ್ಲಿ ಕರಗಿದ ಆಮ್ಲಜನಕ ಮಧ್ಯಾಹ್ನದ ನಂತರ ಅತಿ ಹೆಚ್ಚು, ಸೂರ್ಯ ಹುಟ್ಟುವ ಮುನ್ನ ಅತಿ ಕಡಿಮೆ. ಮಧ್ಯಾಹ್ನ ಜೀಪಿನಲ್ಲಿ ಬಂದು ನೀರಿನ ಮಾದರಿ ತುಂಬಿಕೊಂಡು ಹೋಗಿ "ಆಮ್ಲಜನಕ ಸಾಕಷ್ಟಿದೆ" ಎಂದು ವರದಿ ಬರೆದರೆ ಅದು ಸುಳ್ಳು ವರದಿಯಲ್ಲ. ಜ್ವರ ಇಳಿದ ಮೇಲೆ ಥರ್ಮಾಮೀಟರ್ ಇಟ್ಟ ಹಾಗೆ, ಅಷ್ಟೇ.

ನನ್ನ ಚೀಲದಲ್ಲಿ ದುಬಾರಿಯದೇನೂ ಇಲ್ಲ. ಅಲಂಕಾರದ ಮೀನು ಮಾರುವ ಅಂಗಡಿಯಲ್ಲಿ ಸಿಗುವ, ಹನಿ ಹಾಕಿ ಬಣ್ಣ ನೋಡುವ ಆಮ್ಲಜನಕದ ಕಿಟ್ ಮತ್ತು ಅಮೋನಿಯಾ ಕಿಟ್, ಪಿಎಚ್ ಕಾಗದ, ಬಾಯಗಲದ ಒಂದು ಗಾಜಿನ ಸೀಸೆ, ಗೇಣುದ್ದದ ಕಡ್ಡಿ, ನೋಟುಪುಸ್ತಕ. ಇನ್ನೊಂದು, ಹಳೆಯ ಸ್ಟೀಲ್ ತಟ್ಟೆ. ಅದನ್ನು ನಾಲ್ಕು ಭಾಗ ಮಾಡಿ ಎದುರು ಬದುರಿಗೆ ಕಪ್ಪು, ಬಿಳಿ ಬಣ್ಣ ಬಳಿದು, ಮೂರು ದಾರ ಕಟ್ಟಿ, ತಳಕ್ಕೆ ಕಲ್ಲು ಬಿಗಿದಿದ್ದೇನೆ. ತೆಪ್ಪದಿಂದಲೋ ತೂಬಿನ ಮಂಟಪದಿಂದಲೋ ಇಳಿಬಿಟ್ಟು, ಅದು ಕಣ್ಮರೆಯಾಗುವ ಆಳವನ್ನು ದಾರದಲ್ಲಿ ಅಳೆಯುತ್ತೇನೆ. ಮೀನಿರುವ ಕೆರೆಗೆ 30ರಿಂದ 60 ಸೆಂಟಿಮೀಟರ್ ವಾಸಿ. ನೀರು ಹಸಿರಾಗಿದ್ದು ತಟ್ಟೆ 20 ಸೆಂಟಿಮೀಟರಿಗೇ ಮರೆಯಾದರೆ ಪಾಚಿ ಮಿತಿಮೀರಿದೆ. ಮೋಡ ಕವಿದ ಎರಡು ದಿನ ಬಂದರೆ ಅಪಾಯ. ಮಳೆಯ ಮಾರನೆಯ ದಿನ ಕೆಮ್ಮಣ್ಣಿನ ನೀರಿನಲ್ಲಿ ಬೇಗ ಮರೆಯಾದರೆ ಅದು ಬೇರೆ ಕಥೆ. ಹೊಲದ ಮಣ್ಣು ಬರುತ್ತಿದೆ, ಪಾಚಿಯಲ್ಲ.

ಸೀಸೆಯ ಕೆಲಸ ರಾತ್ರಿ ಮನೆಯಲ್ಲಿ. ಹಸಿರು ನೀರನ್ನು ಮುಕ್ಕಾಲು ತುಂಬಿ, ಅಲ್ಲಾಡಿಸದೆ ಬೆಳಗಿನವರೆಗೆ ಇಡಿ. ಹಸಿರೆಲ್ಲ ತಳಕ್ಕೆ ಇಳಿದಿದ್ದರೆ ಸಾಮಾನ್ಯ ಪಾಚಿ ಎನ್ನಬಹುದು. ಮೇಲೆ ಬಂದು ಕೆನೆಯ ಹಾಗೆ ಕಟ್ಟಿಕೊಂಡಿದ್ದರೆ ನೀಲಿ-ಹಸಿರು ಪಾಚಿ ಎಂದು ಅನುಮಾನಿಸಿ. ಅದರಲ್ಲಿ ಕೆಲವು ಜಾತಿಗಳು ಈರಲಿಗೆ, ಅಂದರೆ ಯಕೃತ್ತಿಗೆ, ವಿಷ. ಕಡ್ಡಿಯನ್ನು ಅದ್ದಿ ಎತ್ತಿದಾಗ ಕೂದಲಿನಂತೆ ಎಳೆಎಳೆಯಾಗಿ ಜೋತುಬಿದ್ದರೆ ನೂಲುಪಾಚಿ, ಪೇಂಟಿನಲ್ಲಿ ಅದ್ದಿದಂತೆ ಬಳಿದುಕೊಂಡರೆ ಮತ್ತೆ ಅದೇ ನೀಲಿ-ಹಸಿರಿನ ಅನುಮಾನ. ಅಂಥ ನೀರನ್ನು ದನಕ್ಕೆ ಕುಡಿಸಬೇಡಿ. ಇವು ಪ್ರಯೋಗಾಲಯದ ಪರೀಕ್ಷೆಗೆ ಬದಲಿಯಲ್ಲ, ಆದರೆ ಪ್ರಯೋಗಾಲಯಕ್ಕೆ ಏನನ್ನು ಹುಡುಕಲು ಹೇಳಬೇಕು ಎಂಬುದು ತಿಳಿಯುತ್ತದೆ.

ಮೀನು ತೇಲಿದಾಗ

ಕೆಲವು ವರ್ಷಗಳ ಹಿಂದೆ, ಒಂದು ಆಗಸ್ಟ್‌ನಲ್ಲಿ, ನಮ್ಮೂರ ಕೆರೆಯಲ್ಲಿ ಆದದ್ದನ್ನೇ ಹೇಳುತ್ತೇನೆ. ಮೂರು ದಿನದಿಂದ ಮೋಡ ಕವಿದು ಜಿಟಿಜಿಟಿ ಮಳೆ. ಬೆಳಗಿನ ಜಾವ ಏರಿ ಹತ್ತುವಾಗ ಮೊದಲು ಕೇಳಿಸಿದ್ದು ಸದ್ದು: ಎಸರಿನಲ್ಲಿ ರಾಗಿ ಹಿಟ್ಟು ಕುದಿಯುವಾಗ ಏಳುತ್ತದಲ್ಲ, ಅಂಥ ಲೊಚಲೊಚ. ಟಾರ್ಚ್ ಬಿಟ್ಟರೆ ಅಂಚಿನುದ್ದಕ್ಕೂ ನೀರಿನ ಮೇಲೆ ಬಾಯಿಗಳು. ಮೊಣಕೈ ಉದ್ದದ ಕಾಟ್ಲಾಗಳು ತಲೆ ಎತ್ತಿ ಬಾಯಿ ತೆರೆದು ಮುಚ್ಚುತ್ತಿದ್ದವು. ಕಿವಿರುಗಳು ಅಗಲವಾಗಿ ಬಿಚ್ಚಿಕೊಂಡಿದ್ದವು. ಕೈ ಹಾಕಿದರೂ ತಪ್ಪಿಸಿಕೊಳ್ಳುವ ಶಕ್ತಿಯಿರಲಿಲ್ಲ. ಬಸವನಹುಳುಗಳು ನೀರು ಬಿಟ್ಟು ಒಂದು ಬೆರಳಿನಷ್ಟು ಮೇಲೆ, ಒದ್ದೆ ಕಲ್ಲಿಗೆ ಅಂಟಿಕೊಂಡಿದ್ದವು.

ಹತ್ತು ಗಂಟೆಯ ಹೊತ್ತಿಗೆ ಎರಡು ಪಕ್ಷ. ಮೀನಿನ ಗುತ್ತಿಗೆಯವರು ಮೇಲಿನ ಟೊಮೆಟೊ ತೋಟದವರತ್ತ ಬೆರಳು ತೋರಿಸಿದರು, ಔಷಧಿ ಕ್ಯಾನು ತೊಳೆದಿದ್ದಾರೆಂದು. ತೋಟದವರು ಗುತ್ತಿಗೆಯವರು ಸುರಿದ ಕೋಳಿ ಗೊಬ್ಬರವನ್ನು ತೋರಿಸಿದರು. ಕೆರೆಯ ತೂಬು ನೋಡಿಕೊಳ್ಳುವ ನೀರುಗಂಟಿ ತಾತ ಮಾತ್ರ ಇಬ್ಬರಿಗೂ ಉತ್ತರ ಕೊಡದೆ ನನ್ನನ್ನು ಕೇಳಿದ: "ಮೇಷ್ಟ್ರೇ, ಕೊರಮೀನು ಸತ್ತಿದೆಯೇ ನೋಡಿದಿರಾ? ರಾತ್ರಿಯೆಲ್ಲ ಕಪ್ಪೆ ಕೂಗಿದವು. ವಿಷವಾಗಿದ್ದರೆ ಕೂಗುತ್ತಿದ್ದವೇ?"

ಇಷ್ಟು ಚೆಂದದ ದೋಷ ನಿರ್ಣಯವನ್ನು ನಾನು ಯಾವ ಪುಸ್ತಕದಲ್ಲೂ ಓದಿಲ್ಲ. ಕೊರಮೀನಿಗೆ ಗಾಳಿಯಿಂದಲೇ ನೇರವಾಗಿ ಉಸಿರಾಡುವ ಅಂಗವಿದೆ. ನೀರಿನಲ್ಲಿ ಆಮ್ಲಜನಕ ಮುಗಿದರೆ ಕಾಟ್ಲಾ, ರೋಹು, ಮೃಗಾಲ್ ಸಾಯುತ್ತವೆ, ಕೊರಮೀನು ಬದುಕುತ್ತದೆ. ಆಫ್ರಿಕನ್ ಕ್ಯಾಟ್‌ಫಿಶ್ ಸಹ ಬದುಕುತ್ತದೆ. ಸತ್ತವುಗಳಲ್ಲೂ ದೊಡ್ಡವು ಮೊದಲು, ಮರಿಗಳು ಆಮೇಲೆ. ಸಾವು ರಾತ್ರಿ ಆಗುತ್ತದೆ, ಬಿಸಿಲೇರಿದ ಮೇಲೆ ನಿಲ್ಲುತ್ತದೆ. ಕೀಟನಾಶಕವಾದರೆ ಹೀಗಲ್ಲ. ಹೊತ್ತಿನ ಹಂಗಿಲ್ಲದೆ ಮಟಮಟ ಮಧ್ಯಾಹ್ನವೂ ಸಾಯುತ್ತವೆ, ಸಣ್ಣ ದೊಡ್ಡ ಎಂಬ ಭೇದವಿಲ್ಲ, ಮೀನುಗಳು ಸುತ್ತು ಸುತ್ತು ಈಜಿ ಎಗರುತ್ತವೆ, ನೀರಹುಳುಗಳು, ಗೊದಮೊಟ್ಟೆಗಳು ಜೊತೆಗೇ ಸತ್ತಿರುತ್ತವೆ, ಮತ್ತು ಸಾವು ಯಾವುದೋ ಒಂದು ಕಾಲುವೆಯ ಬಾಯಿಯಲ್ಲಿ ದಟ್ಟವಾಗಿ, ದೂರಕ್ಕೆ ಹೋದಂತೆ ತೆಳುವಾಗಿ ಇರುತ್ತದೆ. ದಿನಕ್ಕೆ ನಾಲ್ಕೈದರಂತೆ ವಾರಗಟ್ಟಲೆ ಸಾಯುತ್ತಾ, ಮೈಮೇಲೆ ಕೆಂಪು ಹುಣ್ಣು ಕಂಡರೆ, ಅದರಲ್ಲೂ ಚಳಿಗಾಲವಾಗಿದ್ದರೆ, ಕಾಯಿಲೆಯ ದಾರಿ ಹಿಡಿಯಿರಿ. ಆಗ ಕೊರಮೀನೇ ಮೊದಲು ಬೀಳುವುದುಂಟು.

ನಮ್ಮ ಕೆರೆಯಲ್ಲಿ ಆ ಬೆಳಿಗ್ಗೆ ಕಿಟ್ ತೋರಿಸಿದ್ದು ಲೀಟರಿಗೆ 1 ಮಿಲಿಗ್ರಾಮಿಗಿಂತ ಕಡಿಮೆ. ವನ್ಯಜೀವಿ ಮತ್ತು ಮೀನುಗಾರಿಕೆಗೆ ಯೋಗ್ಯವಾದ ನೀರಿಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಇಟ್ಟಿರುವ ಮಟ್ಟ ಕನಿಷ್ಠ 4 ಮಿಲಿಗ್ರಾಮ್, ಪಿಎಚ್ 6.5ರಿಂದ 8.5, ಮುಕ್ತ ಅಮೋನಿಯಾ 1.2 ಮಿಲಿಗ್ರಾಮ್ ಮೀರಬಾರದು. ಉಸಿರುಗಟ್ಟಿದ್ದು ಖಚಿತವಾಯಿತು. ಆದರೆ ಉಸಿರುಗಟ್ಟಿಸಿದ್ದು ಯಾವುದು?

ಇಲ್ಲಿ ನಾನು ತಲೆ ತಗ್ಗಿಸಬೇಕು. ಎರಡು ವಾರದ ಹಿಂದೆ ನಾವೇ, ಊರಿನ ಉತ್ಸಾಹಿಗಳು, ಶ್ರಮದಾನ ಮಾಡಿದ್ದೆವು. ನೇರಳೆ ಹೂವಿನ ಜಲಕಳೆಯನ್ನು ಎಳೆದು, ಟ್ರ್ಯಾಕ್ಟರಿಗೆ ದುಡ್ಡು ಸಾಲದೆ, ಕೆರೆಯಂಗಳದಲ್ಲೇ ನೀರಿನ ಅಂಚಿಗೆ ಎದೆಯೆತ್ತರ ಗುಡ್ಡೆ ಹಾಕಿದ್ದೆವು. ಫೋಟೊಗೆ ನಿಂತು ಇಡ್ಲಿ ತಿಂದು ಹೋಗಿದ್ದೆವು. ಮಳೆಗೆ ಗುಡ್ಡೆ ಕೊಳೆಯಿತು. ಕಾಫಿ ಬಣ್ಣದ ರಸ ಅಡಿಯಿಂದ ಇಳಿದು ನೀರಿಗೆ ಸೇರುತ್ತಿದ್ದುದನ್ನು ಆ ದಿನ ಕೈಯಲ್ಲಿ ಮುಟ್ಟಿ ನೋಡಿದೆ. ಕೊಳೆಯುವ ಸೊಪ್ಪನ್ನು ತಿನ್ನುವ ಸೂಕ್ಷ್ಮಾಣುಗಳು ಆಮ್ಲಜನಕವನ್ನು ಹೀರಿದವು. ಮೋಡದ ಮೂರು ದಿನ ಪಾಚಿ ಅದನ್ನು ತುಂಬಿಕೊಡಲಿಲ್ಲ. ಗುಡ್ಡೆಗಳಿದ್ದ ದಡದಲ್ಲೇ ಸತ್ತ ಮೀನು ಹೆಚ್ಚು. ಟೊಮೆಟೊ ತೋಟದವರಿಗೂ ಗುತ್ತಿಗೆಯವರಿಗೂ ಈ ವಿಷಯ ಹೇಳಿದಾಗ ಇಬ್ಬರೂ ಒಟ್ಟಾಗಿ ನನ್ನನ್ನು ಬೈದರು. ಅಷ್ಟಾದರೂ ಒಗ್ಗಟ್ಟು ಬಂತು.

ಆಮ್ಲಜನಕದ ಕೊರತೆ ಎಂದು ಗೊತ್ತಾದ ಕೂಡಲೇ ಮಾಡಬೇಕಾದ್ದು: ಗೊಬ್ಬರ, ಮೇವು ಹಾಕುವುದನ್ನು ನಿಲ್ಲಿಸಿ. ಪಂಪ್‌ಸೆಟ್ ಇಟ್ಟು ಕೆರೆಯ ನೀರನ್ನೇ ಎತ್ತಿ ಗಾಳಿಯಲ್ಲಿ ಚಿಮ್ಮಿಸಿ ವಾಪಸ್ ಬೀಳಿಸಿ, ರಾತ್ರಿ ಹನ್ನೆರಡರಿಂದ ಬೆಳಗಿನವರೆಗೆ. ಸತ್ತ ಮೀನನ್ನು ತೆಗೆದು ಕೆರೆಯಂಗಳದ ಹೊರಗೆ ಹೂಳಿ. ಕಳೆ ಕಿತ್ತರೆ ಅದೇ ದಿನ ಏರಿಯಾಚೆ ಸಾಗಿಸಿ. ಸಾಗಿಸಲು ಗಾಡಿಯಿಲ್ಲದಿದ್ದರೆ ಕೀಳಲೇ ಬೇಡಿ. ಬೇಸಿಗೆಯ ನಂತರದ ಮೊದಲ ದೊಡ್ಡ ಮಳೆಯ ರಾತ್ರಿ ವಿಶೇಷ ಎಚ್ಚರ ಬೇಕು. ಚರಂಡಿ, ತಿಪ್ಪೆ, ಸಂತೆಮೈದಾನದ ಆರು ತಿಂಗಳ ಕೊಳೆಯೆಲ್ಲ ಒಂದೇ ಸಲ ಇಳಿದು ಬರುತ್ತದೆ.

ನೊರೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೋಡಿಯ ಕೆಳಗೆ ಕಂದು ನೊರೆ, ಮಣ್ಣಿನ ವಾಸನೆ, ಅಂಗೈಗೆ ತೆಗೆದುಕೊಂಡರೆ ಕರಗುತ್ತದೆ ಎಂದರೆ ಎಲೆಕೊಳೆತದ್ದು. ಬಿಳಿ ನೊರೆ, ಸಾಬೂನಿನ ವಾಸನೆ, ಗಾಳಿಗೆ ಹಾರಿಹೋಗುತ್ತದೆ ಎಂದರೆ ಮಾರ್ಜಕ. ಕಾಲುವೆಯಲ್ಲಿ ಮೇಲಕ್ಕೆ ನಡೆಯುತ್ತಾ ಹೋಗಿ, ಅದು ಮೊದಲು ಕಾಣುವ ಜಾಗ ಸಿಗುವವರೆಗೆ.

ಹಕ್ಕಿ ಸತ್ತು ಬಿದ್ದಾಗ

ಮುಟ್ಟಬೇಡಿ. ಹಕ್ಕಿಜ್ವರವಲ್ಲ ಎಂದು ಖಾತ್ರಿಯಾಗುವವರೆಗೆ ಪಶುವೈದ್ಯರ ಕೆಲಸ ಅದು. ಆದರೆ ಹತ್ತಡಿ ದೂರದಿಂದ ನೋಡಿ ಬರೆದುಕೊಳ್ಳುವುದು ಬಹಳಷ್ಟಿದೆ.

ಬದುಕಿರುವ ಹಕ್ಕಿಗಳು ರೆಕ್ಕೆ, ಕಾಲು ಸೋತು ಅಂಚಿನಲ್ಲಿ ಕೂತಿವೆಯೇ, ಕುತ್ತಿಗೆ ಎತ್ತಲಾಗದೆ ನೀರಿನಲ್ಲಿ ಜೋತುಬಿದ್ದಿದೆಯೇ? ಅದು ಬೊಟುಲಿಸಂ ಎಂಬ ವಿಷದ ಲಕ್ಷಣ. ಗಾಳಿಯಾಡದ ಕೊಳೆತ ಕೆಸರಿನಲ್ಲೂ ಹೆಣದಲ್ಲೂ ಒಂದು ಬ್ಯಾಕ್ಟೀರಿಯ ಈ ವಿಷ ಮಾಡುತ್ತದೆ. ಹೆಣದ ಮೇಲಿನ ಹುಳುವಿಗೆ ಅದರಿಂದ ಏನೂ ಆಗುವುದಿಲ್ಲ, ಆ ಹುಳು ತಿಂದ ಹಕ್ಕಿ ಸಾಯುತ್ತದೆ, ಅದರ ಹೆಣದಲ್ಲಿ ಮತ್ತಷ್ಟು ಹುಳು. 2019ರ ನವೆಂಬರಿನಲ್ಲಿ ರಾಜಸ್ಥಾನದ ಸಾಂಭರ್ ಸರೋವರದಲ್ಲಿ ಸಾವಿರಾರು ಹಕ್ಕಿಗಳನ್ನು ಕೊಂದದ್ದು ಇದೇ. ಅದು ಉಪ್ಪುನೀರಿನ ಸರೋವರ, ನಮ್ಮವು ಸಿಹಿನೀರಿನವು. ಬ್ಯಾಕ್ಟೀರಿಯಕ್ಕೆ ಆ ವ್ಯತ್ಯಾಸ ದೊಡ್ಡದಲ್ಲ. ಹೆಣಗಳನ್ನು ಬೇಗ ತೆಗೆಯುವುದೇ ಮುಖ್ಯ ಚಿಕಿತ್ಸೆ. ಹಾಗಾಗಿಯೇ ಮೇಲೆ ಮೀನಿನ ಹೆಣ ಹೂಳಿ ಎಂದೆ. ಮೀನಿನ ಸಾವು ಹತ್ತು ದಿನ ಕಳೆದು ಹಕ್ಕಿಯ ಸಾವಾಗಿ ಬರಬಹುದು.

ಒಂದೇ ಜಾತಿ ಮಾತ್ರ ಸಾಯುತ್ತಿದ್ದರೆ ಅದರ ಊಟದತ್ತ ನೋಡಿ. ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಲ್ಲಿ 2017ರ ಕೊನೆಯಿಂದ ಹೆಜ್ಜಾರ್ಲೆಗಳು (ಪೆಲಿಕನ್) ಒಂದೊಂದಾಗಿ ಬಿದ್ದಾಗ ಎಲ್ಲರ ಬಾಯಲ್ಲೂ ಹಕ್ಕಿಜ್ವರವೇ. ಪರೀಕ್ಷೆಯಲ್ಲಿ ಜ್ವರ ಸಿಗಲಿಲ್ಲ. ಮೀನಿನ ಮೂಲಕ ಒಳಹೋದ ಜಂತುಹುಳುಗಳು ಹೊಟ್ಟೆಯಲ್ಲಿ ತುಂಬಿದ್ದವು. ಕಾಗೆ, ಪಾರಿವಾಳ, ನವಿಲು ಕೂಡ ಸತ್ತಿದ್ದರೆ ಕೆರೆಯನ್ನು ಬಿಟ್ಟು ಪಕ್ಕದ ಹೊಲದಲ್ಲಿ ಬಿತ್ತುವ ಬೀಜಕ್ಕೆ ಔಷಧಿ ಬಳಿದ ಬೀಜೋಪಚಾರವನ್ನು ವಿಚಾರಿಸಿ. ಹೆಜ್ಜಾರ್ಲೆ, ಕೊಕ್ಕರೆಯಂಥ ಭಾರದ ಹಕ್ಕಿ ಒಂದೆರಡೇ, ಅದೂ ವಿದ್ಯುತ್ ತಂತಿಯ ಕೆಳಗೇ ಬಿದ್ದಿದ್ದರೆ ಗರಿ ಸುಟ್ಟಿದೆಯೇ ನೋಡಿ. ನೀರುಕಾಗೆ, ಹಾವಕ್ಕಿ ಸತ್ತಿದ್ದರೆ ಬಲೆ: ಮುಳುಗಿ ಮೀನು ಹಿಡಿಯುವ ಹಕ್ಕಿಗಳು ರಾತ್ರಿಯಿಡೀ ಬಿಟ್ಟ ಬಲೆಗೆ ಸಿಕ್ಕಿ ನೀರಿನಡಿಯಲ್ಲೇ ಸಾಯುತ್ತವೆ. ಹಾವಕ್ಕಿಯ ಉದ್ದ ಕುತ್ತಿಗೆಗೆ ನೈಲಾನ್ ಎಳೆ ಸುತ್ತಿಕೊಂಡದ್ದನ್ನು ನಾನೇ ಕತ್ತರಿಸಿದ್ದೇನೆ. ಎಳೆ ಗರಿಯೊಳಗೆ ಇಳಿದು ಚರ್ಮದ ಬಣ್ಣದ್ದೇ ಆಗಿತ್ತು, ಬೆರಳಿಗೆ ಸಿಕ್ಕಿತೇ ಹೊರತು ಕಣ್ಣಿಗೆ ಕಾಣಲಿಲ್ಲ.

ಹಕ್ಕಿಯೇ ಬಾರದಿದ್ದಾಗ

ಇದು ಎಲ್ಲಕ್ಕಿಂತ ಕಷ್ಟದ ದೋಷ. ಹೆಣವಿಲ್ಲ, ವಾಸನೆಯಿಲ್ಲ, ಜನ ಸೇರುವುದಿಲ್ಲ. ಇರಬೇಕಾದದ್ದು ಇಲ್ಲ ಎಂಬುದು ಮಾತ್ರ ಲಕ್ಷಣ, ಮತ್ತು ಹಿಂದಿನ ಲೆಕ್ಕವಿಲ್ಲದವನಿಗೆ ಅದೂ ಕಾಣುವುದಿಲ್ಲ. ಆದ್ದರಿಂದ ಪ್ರತಿ ಜನವರಿ ಒಂದು ಬೆಳಿಗ್ಗೆಯಾದರೂ ಎಣಿಸಿ ಬರೆದಿಡಿ. ಏಷ್ಯಾದ ನೀರಹಕ್ಕಿ ಗಣತಿ 1987ರಿಂದ ಅದೇ ತಿಂಗಳಿನಲ್ಲಿ ನಡೆಯುತ್ತಿದೆ. ನಿಮ್ಮ ಲೆಕ್ಕವನ್ನು ಅದರ ಜೊತೆ ಹೊಂದಿಸಬಹುದು.

ಮೊದಲು ಪಕ್ಕದ ಮೂರು ಕೆರೆಗಳನ್ನು ನೋಡಿ ಬನ್ನಿ. ಮಳೆ ಚೆನ್ನಾಗಿ ಆದ ವರ್ಷ ಹಕ್ಕಿಗಳು ಹರಡಿಹೋಗುತ್ತವೆ, ಬರಗಾಲದಲ್ಲಿ ನೀರುಳಿದ ಒಂದೇ ಕೆರೆಗೆ ಒತ್ತಾಗಿ ಬರುತ್ತವೆ. 2021ರ ನವೆಂಬರ್ ಮಳೆಗೆ ನಮ್ಮ ಜಿಲ್ಲೆಯಲ್ಲೂ ಚಿಕ್ಕಬಳ್ಳಾಪುರದಲ್ಲೂ ಎಷ್ಟೋ ಕೆರೆಗಳು ದಶಕಗಳ ಮೇಲೆ ಕೋಡಿ ಬಿದ್ದವು. ಅಂಥ ವರ್ಷ ನಿಮ್ಮ ಕೆರೆಯಲ್ಲಿ ಬಾತು ಕಡಿಮೆಯಾದರೆ ದೋಷ ಯಾರದೂ ಅಲ್ಲ. ನಾಲ್ಕೂ ಕೆರೆಯಲ್ಲಿ ಇಲ್ಲ, ಅಥವಾ ನಿಮ್ಮದರಲ್ಲಿ ಮಾತ್ರ ಮೂರು ವರ್ಷದಿಂದ ಇಲ್ಲ ಎಂದಾದರೆ ಮುಂದೆ ಓದಿ.

ಇರುವ ಹಕ್ಕಿಗಳೇ ಇಲ್ಲದ ಹಕ್ಕಿಗಳ ಸುಳಿವು ಕೊಡುತ್ತವೆ. ನೀರುಕಾಗೆ, ಹೆಜ್ಜಾರ್ಲೆ ಬೇಕಾದಷ್ಟಿವೆ, ತೆಳುನೀರಿನ ಕೆಸರಿನಲ್ಲಿ ಮೇಯುವ ಗೊರವ, ಮೆಟ್ಟುಗಾಲು ಹಕ್ಕಿ ಒಂದೂ ಇಲ್ಲ: ನೀರು ಎಲ್ಲೆಡೆ ಆಳವಾಗಿದೆ. ಮೆಟ್ಟುಗಾಲು ಹಕ್ಕಿಯೂ ಬೆಳ್ಳಕ್ಕಿಯೂ ತುಂಬಿವೆ, ಮುಳುಗಿ ಬೇಟೆಯಾಡುವ ಗುಳುಮುಳುಕ ಕಾಣೆಯಾಗಿದೆ: ಚರಂಡಿ ನೀರು ಬಂದು ಕೆಸರು ಕಟ್ಟಿರುವ ಸಾಧ್ಯತೆ ಇದೆ, ಮೆಟ್ಟುಗಾಲಿನವು ಕೊಳೆಗೆ ಹೇಸುವುದಿಲ್ಲ. ನೇರಳೆ ಜಂಬುಕೋಳಿಯೇ ಎಲ್ಲೆಲ್ಲೂ ಎಂದರೆ ಕಳೆ, ಜೊಂಡು ಹೆಚ್ಚಿದೆ. ಚಲುಕದ ಬಾತು ಏಕಾಏಕಿ ಹೆಚ್ಚಿದರೆ ಸಂತೋಷಪಡುವ ಮುನ್ನ ತಟ್ಟೆ ಇಳಿಬಿಟ್ಟು ನೋಡಿ. ಅದು ಸೌಟಿನಂಥ ಕೊಕ್ಕಿನಿಂದ ನೀರು ಸೋಸಿ ತಿನ್ನುವ ಹಕ್ಕಿ, ಸೋಸಲು ಸಿಗುವಷ್ಟು ಪೋಷಕಾಂಶ ನೀರಿನಲ್ಲಿ ತುಂಬಿದೆ ಎಂದರ್ಥ.

ಈಗ ಕೋಲಾರದ ನಿಜವಾದ ಪ್ರಶ್ನೆಗೆ ಬರುತ್ತೇನೆ. ನಮ್ಮ ಕೆರೆಗಳು ಹುಟ್ಟಿದಂದಿನಿಂದ ತುಂಬುತ್ತಾ ಬತ್ತುತ್ತಾ ಬಂದವು. ಕಾರ್ತಿಕದಲ್ಲಿ ತುಂಬಿದ್ದು ಸಂಕ್ರಾಂತಿಗೆ ಇಳಿಯತೊಡಗಿ, ಯುಗಾದಿಗೆ ಅಂಗಳದಲ್ಲಿ ದನ ಮೇಯುತ್ತಿದ್ದವು. ನೀರು ಹಿಂದೆ ಸರಿದಂತೆ ಅಂಚಿನಲ್ಲಿ ದಿನವೂ ಹೊಸದಾಗಿ ಒಂದೆರಡು ಅಡಿ ಒದ್ದೆ ಕೆಸರು ತೆರೆದುಕೊಳ್ಳುತ್ತಿತ್ತು. ಉತ್ತರದಿಂದ ಬಂದ ಗೊರವಗಳ ಊಟದ ಎಲೆ ಅದೇ. 2018ರ ಜೂನಿನಲ್ಲಿ ಕೆ.ಸಿ. (ಕೋರಮಂಗಲ-ಚಲ್ಲಘಟ್ಟ) ವ್ಯಾಲಿ ಯೋಜನೆಯ ನೀರು ಮೊದಲಿಗೆ ಲಕ್ಷ್ಮೀಸಾಗರ ಕೆರೆಗೆ ಬಂತು. ಬೆಂಗಳೂರಿನ ಕೊಳಚೆ ನೀರನ್ನು ಎರಡನೇ ಹಂತದವರೆಗೆ ಶುದ್ಧೀಕರಿಸಿ ದಿನಕ್ಕೆ 440 ದಶಲಕ್ಷ ಲೀಟರಿನಷ್ಟನ್ನು ಜಿಲ್ಲೆಯ ನೂರಕ್ಕೂ ಹೆಚ್ಚು ಕೆರೆಗಳಿಗೆ ಹರಿಸುವ ಯೋಜನೆ ಅದು. ಆ ಜುಲೈನಲ್ಲೇ ನೊರೆ ಕಂಡು ವಿಷಯ ನ್ಯಾಯಾಲಯದವರೆಗೆ ಹೋದದ್ದು ಎಲ್ಲರಿಗೂ ನೆನಪಿದೆ. ಚಿಕ್ಕಬಳ್ಳಾಪುರದ ಕಡೆಗೆ ಎಚ್.ಎನ್. (ಹೆಬ್ಬಾಳ-ನಾಗವಾರ) ವ್ಯಾಲಿಯ 210 ದಶಲಕ್ಷ ಲೀಟರಿನ ಯೋಜನೆ ಬಂತು.

ಬತ್ತಿದ ಕೊಳವೆಬಾವಿಗಳ ಊರಿನಲ್ಲಿ ಬದುಕಿದವನು ಈ ನೀರನ್ನು ಹಗುರವಾಗಿ ಬೈಯಲಾರ, ನಾನೂ ಬೈಯುವುದಿಲ್ಲ. ಆದರೆ ದೋಷ ಹುಡುಕುವಾಗ ಎರಡು ಸಂಗತಿ ಒಪ್ಪಿಕೊಳ್ಳಲೇಬೇಕು. ಒಂದು, ಎರಡನೇ ಹಂತದ ಶುದ್ಧೀಕರಣದಲ್ಲಿ ಕೊಳೆಯ ಬಹುಪಾಲು ಹೋದರೂ ಸಾರಜನಕ, ರಂಜಕ ಪೂರ್ತಿ ಹೋಗುವುದಿಲ್ಲ. ಅವೆರಡೂ ಗೊಬ್ಬರ, ಹೊಲಕ್ಕೆ ಯೂರಿಯ, ಡಿಎಪಿ ಎಂದು ಹಾಕುವುದೂ ಅವನ್ನೇ. ಪಾಚಿಯೂ ಜಲಕಳೆಯೂ ಕೊಬ್ಬುವುದರಲ್ಲಿ ಆಶ್ಚರ್ಯವಿಲ್ಲ. ಎರಡನೆಯದನ್ನು ಯಾರೂ ಮಾತಾಡುವುದಿಲ್ಲ: ಮಟ್ಟ ಇಳಿಯುವುದೇ ಇಲ್ಲ. ಈ ನೀರು ಅಂತರ್ಜಲ ಮರುಪೂರಣಕ್ಕೆ ಮಾತ್ರ, ನೇರವಾಗಿ ಬೆಳೆಗೆ ಬಿಡುವಂತಿಲ್ಲ. ತೂಬು ಮುಚ್ಚಿರುತ್ತದೆ, ಮೇಲಿನಿಂದ ಬರುತ್ತಲೇ ಇರುತ್ತದೆ, ಕೋಡಿಯಲ್ಲಿ ಹೋಗುತ್ತಲೇ ಇರುತ್ತದೆ. ಜನವರಿಯಲ್ಲೂ ಮೇಯಲ್ಲೂ ನೀರು ಅದೇ ಕಲ್ಲನ್ನು ಮುಟ್ಟಿಕೊಂಡಿರುತ್ತದೆ.

ಬಣ್ಣದ ಕೊಕ್ಕರೆ ಮೀನು ಹಿಡಿಯುವುದನ್ನು ಹತ್ತಿರದಿಂದ ನೋಡಿದರೆ ಇದರ ಅರ್ಥ ಗೊತ್ತಾಗುತ್ತದೆ. ಅದು ಕಣ್ಣಿನಿಂದ ಬೇಟೆಯಾಡುವುದಿಲ್ಲ. ಮೊಣಕಾಲು ಮುಳುಗದ ನೀರಿನಲ್ಲಿ ನಿಂತು, ಕೊಕ್ಕನ್ನು ಅರ್ಧ ತೆರೆದು ಅದ್ದಿ, ಅತ್ತ ಇತ್ತ ಆಡಿಸುತ್ತಾ, ಒಂದು ಕಾಲಿನಿಂದ ಕೆಸರನ್ನು ಕೆದಕುತ್ತದೆ. ಗಾಬರಿಯಾದ ಮೀನು ಕೊಕ್ಕಿಗೆ ತಾಗಿದರೆ ಪಟ್ಟನೆ ಮುಚ್ಚುತ್ತದೆ. ನೀರು ಹೊಟ್ಟೆಗೆ ಬಂದರೆ ಈ ವಿದ್ಯೆಯೇ ನಡೆಯುವುದಿಲ್ಲ. ತುಮಕೂರು ಜಿಲ್ಲೆಯ ಶಿರಾ ತಾಲ್ಲೂಕಿನ ಕಗ್ಗಲಡು ಗ್ರಾಮದಲ್ಲಿ ಇವು ಮನೆಗಳ ನಡುವಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. ಊಟಕ್ಕೆ ಹಾರುವುದು ಸುತ್ತಲಿನ ಕೆರೆಗಳಿಗೆ. ಅಂಥ ಊರಿನಲ್ಲಿ ಗೂಡು ಕಡಿಮೆಯಾದರೆ ಮರವನ್ನಷ್ಟೇ ನೋಡಿ ಪ್ರಯೋಜನವಿಲ್ಲ. ಸುತ್ತಲಿನ ಕೆರೆಗಳ ಅಂಚಿನಲ್ಲಿ ಗೇಣುದ್ದದ ನೀರು ಎಷ್ಟು ಅಗಲಕ್ಕಿದೆ ಎಂದು ಅಳೆಯಬೇಕು.

ಅಳೆಯುವುದು ಸುಲಭ. ಅಂಚಿನಿಂದ ನೇರ ಒಳಕ್ಕೆ ನಡೆಯಿರಿ, ನೀರು ಮೊಣಕಾಲಿಗೆ ಬರುವವರೆಗೆ ಹೆಜ್ಜೆ ಎಣಿಸಿ. ಒಬ್ಬರೇ ಹೋಗಬೇಡಿ, ಕೋಲು ಊರಿಕೊಂಡೇ ಹೋಗಿ. ಯಾಕೆಂದರೆ ಎರಡನೇ ಹೆಜ್ಜೆಗೇ ಎದೆಮಟ್ಟ ಇಳಿಯಬಹುದು. ನಮ್ಮ ಕೆರೆಯಲ್ಲಿ ಪೂರ್ವದ ಹಿನ್ನೀರಿನ ಕಡೆ ಹಿಂದೆ 60 ಹೆಜ್ಜೆ ಸಿಗುತ್ತಿದ್ದ ಜಾಗದಲ್ಲಿ ಈಗ 3. ಬರಗಾಲದ ವರ್ಷಗಳಲ್ಲಿ ಹೂಳೆತ್ತುವ ಹೆಸರಿನಲ್ಲಿ ಗೋಡುಮಣ್ಣನ್ನೂ ಇಟ್ಟಿಗೆಮಣ್ಣನ್ನೂ ತೆಗೆದು ಗೋಡೆ ಕಡಿದಂತೆ ಗುಂಡಿ ಮಾಡಿದ್ದರು. ಆಮೇಲೆ ನೀರು ಬಂದು ಎಲ್ಲವನ್ನೂ ಮುಚ್ಚಿತು. ಮೇಲಿನಿಂದ ನೋಡಿದರೆ ಸಮುದ್ರದ ಹಾಗಿದೆ, ನಿಲ್ಲಲು ಜಾಗವಿಲ್ಲ.

ಗೂಡಿನ ಮರದ ಪ್ರಶ್ನೆಯನ್ನೂ ಇಲ್ಲೇ ಮುಗಿಸುತ್ತೇನೆ. ಕೆರೆಯಂಗಳದ ಕರಿಜಾಲಿ ನಿಷ್ಪ್ರಯೋಜಕವೆಂದು ಹೂಳೆತ್ತುವಾಗ ಬುಡಸಮೇತ ಕೀಳುವುದು ರೂಢಿ. ವಿಜಯನಗರ ಜಿಲ್ಲೆಯ ಅಂಕಸಮುದ್ರ 2024ರಲ್ಲಿ ರಾಮ್ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ತಾಣ, ಆಯಿತು. ಅದೂ ಊರಿನವರು ನೀರಾವರಿಗೆ ಕಟ್ಟಿಕೊಂಡ ಕೆರೆಯೇ, ನೀರಿನಲ್ಲಿ ನಿಂತ ಜಾಲಿ ಮರಗಳಲ್ಲೇ ಅಲ್ಲಿನ ಹಕ್ಕಿಗಳ ಸಂಸಾರ. ನೀರು ಸುತ್ತುವರಿದ ಮುಳ್ಳುಮರಕ್ಕೆ ನಾಯಿ, ಬೆಕ್ಕು ಹತ್ತುವುದು ಕಷ್ಟ. ದಡದಲ್ಲಿ ಹಬ್ಬಿದ ಬಳ್ಳಾರಿ ಜಾಲಿಯನ್ನು ಧಾರಾಳವಾಗಿ ಕಡಿಯಿರಿ. ನೀರಿನೊಳಗಿನ ಕರಿಜಾಲಿಯನ್ನು ಮುಟ್ಟುವ ಮುನ್ನ ಅದರಲ್ಲಿ ಹಳೆಯ ಗೂಡಿನ ಕಡ್ಡಿಗಳಿವೆಯೇ, ಬುಡದಲ್ಲಿ ಬಿಳಿ ಹಿಕ್ಕೆಯಿದೆಯೇ ನೋಡಿ.

ಕೊನೆಯ ಶಂಕಿತ ಬಲೆಯೊಳಗೆ ಸಿಗುತ್ತದೆ. ಮೀನು ಹಿಡಿಯುವ ದಿನ ಹೋಗಿ ಬುಟ್ಟಿಯನ್ನು ನೋಡಿ. ಜಿಲೇಬಿ ಮೀನು (ತಿಲಾಪಿಯ) ಮತ್ತು ಆಫ್ರಿಕನ್ ಕ್ಯಾಟ್‌ಫಿಶ್ ಬಿಟ್ಟು ಬೇರೇನೂ ಇಲ್ಲ ಎಂದರೆ ಸಣ್ಣ ಹಕ್ಕಿಗಳ ಪಾಲಿನ ಪುಟ್ಟ ಮೀನು, ಗೊದಮೊಟ್ಟೆ, ಸೀಗಡಿ ಉಳಿದಿಲ್ಲ. ಈ ಕ್ಯಾಟ್‌ಫಿಶ್ ಸಾಕುವುದನ್ನು ನಿಷೇಧಿಸಿ ಬಹಳ ವರ್ಷವಾಯಿತು. ಯಾವುದೋ ಹೊಂಡದಿಂದ ತಪ್ಪಿಸಿಕೊಂಡದ್ದು ಕೋಡಿಯ ಮೂಲಕ ಕೆಳಗಿನ ಕೆರೆಗಳಿಗೆ ಇಳಿದಿದೆ. ಹಿಂದೆ ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಎಲ್ಲ ತೊಳೆದು ಹೋಗುತ್ತಿತ್ತು. ಈಗ ಬತ್ತುವುದಿಲ್ಲವಲ್ಲ.

ಯಾರಿಗೆ, ಏನನ್ನು ಕೊಡಬೇಕು

ಅಚ್ಚುಕಟ್ಟು, ಅಂದರೆ ನೀರುಣ್ಣುವ ಜಮೀನು, 40 ಹೆಕ್ಟೇರಿಗಿಂತ ದೊಡ್ಡದಾದ ಕೆರೆ ಸಾಮಾನ್ಯವಾಗಿ ಸಣ್ಣ ನೀರಾವರಿ ಇಲಾಖೆಯದು, ಚಿಕ್ಕದು ಪಂಚಾಯತಿಯ ಕಡೆಯದು. ಮೀನಿನ ಸಾವಿಗೆ ಮೀನುಗಾರಿಕೆ ಇಲಾಖೆ, ನೀರಿನ ಪರೀಕ್ಷೆಗೆ ಮಾಲಿನ್ಯ ನಿಯಂತ್ರಣ ಮಂಡಳಿ, ಹಕ್ಕಿಗೆ ಅರಣ್ಯ ಮತ್ತು ಪಶುಸಂಗೋಪನೆ ಎರಡೂ. ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ ಎಂದು ಗೊತ್ತಿದ್ದೇ ಒಂದೇ ಪತ್ರವನ್ನು ನಾಲ್ವರಿಗೂ ಕಳುಹಿಸಿ, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.

ಕೊಳೆತ ಮೀನಿನಿಂದ ಪ್ರಯೋಗಾಲಯಕ್ಕೆ ಏನೂ ತಿಳಿಯುವುದಿಲ್ಲ. ಇನ್ನೂ ಕಿವಿರಾಡುತ್ತಿರುವ ಎರಡು ಮೂರನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಐಸ್ ಪೆಟ್ಟಿಗೆಯಲ್ಲಿಡಿ. ಫ್ರೀಜರಿನಲ್ಲಿ ಗಡ್ಡೆ ಕಟ್ಟಿಸಬೇಡಿ. ನೀರನ್ನು ಸೀಸೆಯ ಕಂಠದವರೆಗೆ, ಗುಳ್ಳೆ ಉಳಿಯದಂತೆ ತುಂಬಿ. ಮೇಲೆ ಚೀಟಿ ಅಂಟಿಸಿ: ದಿನ, ಗಂಟೆ, ಯಾವ ದಡ, ಹಿಂದಿನ ಮೂರು ದಿನದ ಹವೆ. ಗಂಟೆಯನ್ನು ಮರೆತರೆ ಉಳಿದದ್ದೆಲ್ಲ ಅರ್ಧ.

ನಮ್ಮ ಕೆರೆಯ ಕಡತ ಇನ್ನೂ ಮುಗಿದಿಲ್ಲ. ಹೋದ ಬೇಸಿಗೆಯಲ್ಲಿ ಪೂರ್ವದ ಗುಂಡಿಗಳ ಗೋಡೆಯನ್ನು ಜೆಸಿಬಿಯಿಂದ ಒಳಕ್ಕೆ ತಳ್ಳಿಸಿ ಇಳಿಜಾರು ಮಾಡಿಸಿದೆವು, ಎರಡು ದಿನದ ಬಾಡಿಗೆಗೆ ಟೊಮೆಟೊ ತೋಟದವರೂ ಮೀನಿನ ಗುತ್ತಿಗೆಯವರೂ ಸಮಪಾಲು ಹಾಕಿದರು. ವರ್ಷಕ್ಕೆ ಎರಡು ತಿಂಗಳು ಸರಣಿಯ ಒಂದೊಂದು ಕೆರೆಗೆ ನೀರು ನಿಲ್ಲಿಸಿ ಮಟ್ಟ ಇಳಿಯಲು ಬಿಡಿ ಎಂದು ಕೊಟ್ಟ ಅರ್ಜಿಗೆ ಉತ್ತರ ಬಂದಿಲ್ಲ. ಈ ಜನವರಿಯ ಎಣಿಕೆಯಲ್ಲಿ ಆ ಇಳಿಜಾರಿನಲ್ಲಿ 22 ಹೆಜ್ಜೆ, 14 ಮೆಟ್ಟುಗಾಲು ಹಕ್ಕಿ, 5 ಗದ್ದೆ ಗೊರವ. ಬಣ್ಣದ ಕೊಕ್ಕರೆ ಎಂದಿರುವ ಸಾಲಿನ ಮುಂದೆ ಸೊನ್ನೆ. ನೀರುಗಂಟಿ ತಾತ ಆ ಸೊನ್ನೆಯನ್ನು ನೋಡಿ, "ಪೆನ್ಸಿಲಿನಲ್ಲಿ ಬರೆದಿದ್ದೀರಿ ತಾನೇ?" ಎಂದು ಕೇಳಿ ಏರಿ ಇಳಿದು ಹೋದ.